ಅಂಕದ ಭಾಷೆ, ಕಲಿಯುವ ಭಾಷೆ

ಕರ್ನಾಟಕದ ಪದವಿಪೂರ್ವ ಶಿಕ್ಷಣದಲ್ಲಿ ವಿದ್ಯಾರ್ಥಿಯು ಓದಬೇಕಾದ ಆರು ವಿಷಯಗಳ ಪೈಕಿ ಎರಡು ಭಾಷೆಗಳು, ಉಳಿದ ನಾಲ್ಕು ಐಚ್ಛಿಕ ವಿಷಯಗಳು. ಒಂದೊಂದಕ್ಕೆ 100ರಂತೆ ಒಟ್ಟು 600 ಅಂಕಗಳು. ಎರಡು ಭಾಷೆಗಳಲ್ಲಿ ಒಂದು ಇಂಗ್ಲಿಷ್ ಎಂಬುದು ರೂಢಿಯಿಂದಲೇ ತೀರ್ಮಾನವಾಗಿರುವುದರಿಂದ ಪ್ರವೇಶದ ಅರ್ಜಿಯಲ್ಲಿ ವಿದ್ಯಾರ್ಥಿ ನಿಜವಾಗಿ ಆರಿಸಿಕೊಳ್ಳುವುದು ಇನ್ನೊಂದನ್ನು ಮಾತ್ರ. ಆ ಇನ್ನೊಂದರ ಪಟ್ಟಿಯಲ್ಲಿ ಕನ್ನಡ, ಹಿಂದಿ, ತಮಿಳು, ತೆಲುಗು, ಮಲಯಾಳಂ, ಮರಾಠಿ, ಉರ್ದು, ಸಂಸ್ಕೃತ, ಅರೇಬಿಕ್ ಇವುಗಳ ಜೊತೆಗೆ ಫ್ರೆಂಚ್ ಕೂಡ ಇದೆ, ಸ್ಪ್ಯಾನಿಷ್ ಇಲ್ಲ. ಹೀಗಾಗಿ ಅಮೆರಿಕದ ಕಾಲೇಜುಗಳಿಗೆ ಸೇರುವವರನ್ನು ಕಾಡುವ, ಸ್ಪ್ಯಾನಿಷ್ ತೆಗೆದುಕೊಳ್ಳಬೇಕೋ ಫ್ರೆಂಚ್ ತೆಗೆದುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಇಲ್ಲಿ ಪಿಯುಸಿ ಹಂತದಲ್ಲಿ ವಿದ್ಯಾರ್ಥಿಯ ಪರವಾಗಿ ಪಟ್ಟಿಯೇ ಬಗೆಹರಿಸಿಬಿಟ್ಟಿದೆ. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದಂಥ ಊರಿನಲ್ಲಿ ಅದೇ ಪ್ರಶ್ನೆ ಕನ್ನಡವೋ ಹಿಂದಿಯೋ ಸಂಸ್ಕೃತವೋ ಉರ್ದುವೋ ಎಂಬ ರೂಪದಲ್ಲಿ ಎದುರಾಗುತ್ತದೆ; ಫ್ರೆಂಚ್‌ನ ಮಾತು ಬರುವುದು ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಖಾಸಗಿ ಕಾಲೇಜಿಗೆ ಹೊರಟ ಮಕ್ಕಳ ಮನೆಗಳಲ್ಲಿ.

ಶಿರಾಳಕೊಪ್ಪವು ಶಿಕಾರಿಪುರ, ಸೊರಬ, ಹಿರೇಕೆರೂರು, ಆನವಟ್ಟಿಗಳ ಕಡೆಯಿಂದ ಬರುವ ದಾರಿಗಳು ಕೂಡುವ ವ್ಯಾಪಾರದ ಊರು. ಮೆಕ್ಕೆಜೋಳ, ಶುಂಠಿ, ಅಡಿಕೆಗಳ ಲೆಕ್ಕಾಚಾರ ಇಲ್ಲಿ ಕನ್ನಡದಲ್ಲಿಯೂ ದಖನಿ ಉರ್ದುವಿನಲ್ಲಿಯೂ ನಡೆಯುತ್ತದೆ. ಸುತ್ತಲಿನ ತಾಂಡಾಗಳ ಮನೆಮಾತು ಲಂಬಾಣಿ. ಅಂದರೆ ಇಲ್ಲಿಂದ ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಎರಡು ಭಾಷೆಗಳ ನಡುವೆಯೇ ಬೆಳೆದವರು ಬಹಳ, ಆದರೆ ಹಾಗೆ ಬೆಳೆದದ್ದು ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಲಂಬಾಣಿಯಂತೂ ಮೇಲೆ ಹೇಳಿದ ಪಟ್ಟಿಯಲ್ಲೇ ಇಲ್ಲ. ಶಾಲೆಯ ಹಂತದಲ್ಲಿ ಆಯ್ಕೆಗೆ ಹೆಚ್ಚು ಆಸ್ಪದವಿರುವುದಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಇರಲೇಬೇಕು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಪ್ರತಿಯೊಂದು ವಿಷಯಕ್ಕೆ 100. ಈ ಕಾಯಿದೆಯ ವ್ಯಾಪ್ತಿ ಹತ್ತನೆಯ ತರಗತಿಗೆ ಮುಗಿಯುವುದರಿಂದ, ಕನ್ನಡವನ್ನು ಬಿಡುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಮೊದಲು ದೊರೆಯುವುದು ಪಿಯುಸಿಯ ಅರ್ಜಿಯಲ್ಲಿ, ಸುಮಾರು ಹದಿನಾರನೆಯ ವಯಸ್ಸಿನಲ್ಲಿ, ಅದೂ ಯಾರೊಡನೆಯೂ ವಿವರವಾಗಿ ಚರ್ಚಿಸದ ಅವಸರದಲ್ಲಿ.

ಆ ಅವಸರದಲ್ಲಿ ಕೆಲಸ ಮಾಡುವ ತರ್ಕ ಒಂದೇ: ಯಾವುದು ‘ಸ್ಕೋರಿಂಗ್ ಸಬ್ಜೆಕ್ಟ್’? ಕಡಿಮೆ ಶ್ರಮದಲ್ಲಿ ಹೆಚ್ಚು ಅಂಕ ಕೊಡುತ್ತದೆಂದು ಹೆಸರಾದ ವಿಷಯಕ್ಕೆ ವಿದ್ಯಾರ್ಥಿಗಳು ಬಳಸುವ ಮಾತು ಇದು. ಸಂಸ್ಕೃತಕ್ಕೆ ಈ ಹೆಸರು ಬಂದಿರುವುದರ ಕಾರಣ ಪ್ರಶ್ನೆಪತ್ರಿಕೆಯ ಸ್ವರೂಪದಲ್ಲಿಯೇ ಇದೆ. ಪಿಯುಸಿಯ ಸಂಸ್ಕೃತ ಪತ್ರಿಕೆಗೆ ಉತ್ತರಗಳನ್ನು ಸಂಸ್ಕೃತದಲ್ಲಷ್ಟೇ ಅಲ್ಲದೆ ಕನ್ನಡ ಅಥವಾ ಇಂಗ್ಲಿಷಿನಲ್ಲಿಯೂ ಬರೆಯಲು ಅವಕಾಶವಿರುವುದರಿಂದ, ಪಾಠದ ಸಾರಾಂಶವನ್ನು ಬಲ್ಲವನು ಆ ಭಾಷೆಯಲ್ಲಿ ಸ್ವಂತದ ನಾಲ್ಕು ವಾಕ್ಯ ಕಟ್ಟಲಾರದಿದ್ದರೂ ತೊಂಬತ್ತರ ಮೇಲೆ ತೆಗೆಯಬಲ್ಲನು. ಬೆಂಗಳೂರಿನ ಕಾಲೇಜುಗಳಲ್ಲಿ ಫ್ರೆಂಚ್‌ಗೆ ಇರುವ ಬೇಡಿಕೆಯೂ ಬಹುಮಟ್ಟಿಗೆ ಇದೇ ಬಗೆಯದು, ಏಕೆಂದರೆ ಅಲ್ಲಿ ಹೊಸ ಭಾಷೆಯನ್ನು ಮೊದಲ ಅಕ್ಷರದಿಂದ ಆರಂಭಿಸುವವರ ಮಟ್ಟಕ್ಕೆ ಪಾಠ ಇಳಿದಿರುತ್ತದೆ. ಕನ್ನಡದ ಪತ್ರಿಕೆ ಹಳಗನ್ನಡ ಕಾವ್ಯಭಾಗವನ್ನು, ವಚನವನ್ನು, ಪ್ರಬಂಧವನ್ನು ಕೇಳುವಾಗ ಫ್ರೆಂಚ್ ಪತ್ರಿಕೆ ಕ್ರಿಯಾಪದದ ರೂಪಗಳನ್ನು ಕೇಳುತ್ತದೆ. ಮನೆಮಾತನ್ನು ಆರಿಸಿಕೊಂಡವನಿಗೆ ಕಷ್ಟದ ಪತ್ರಿಕೆ, ಪರದೇಶದ ಭಾಷೆಯನ್ನು ಆರಿಸಿಕೊಂಡವನಿಗೆ ಸುಲಭದ ಪತ್ರಿಕೆ ಎಂಬ ಈ ವಿಪರ್ಯಾಸಕ್ಕೆ ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ.

ಆದರೆ ಹೀಗೆ ಕೂಡಿಟ್ಟ ಅಂಕಗಳು ಎಲ್ಲಿ ಖರ್ಚಿಗೆ ಬರುತ್ತವೆ ಎಂಬುದನ್ನು ನೋಡಬೇಕು. ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ನಿಗದಿಯಾಗುವುದು ಸಿಇಟಿಯ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕ ಅರ್ಧ ಎಂಬ ಲೆಕ್ಕದಲ್ಲಿ. ಭಾಷೆಯ ಅಂಕ ಅಲ್ಲಿ ಲೆಕ್ಕಕ್ಕೇ ಇಲ್ಲ. ವೈದ್ಯಕೀಯಕ್ಕೆ ನೀಟ್ ಒಂದೇ ಆಧಾರ. ಒಟ್ಟು ಶೇಕಡಾವಾರು ನೋಡುವ ಕೆಲವು ಪದವಿ ಕಾಲೇಜುಗಳ ಪ್ರವೇಶಪಟ್ಟಿ, ಕೆಲವು ವಿದ್ಯಾರ್ಥಿವೇತನಗಳು, ಸಂಘಸಂಸ್ಥೆಗಳ ಪ್ರತಿಭಾ ಪುರಸ್ಕಾರ ಇವಿಷ್ಟರಲ್ಲಿ ಮಾತ್ರ ಆ ಹತ್ತು ಹದಿನೈದು ಹೆಚ್ಚುವರಿ ಅಂಕಗಳ ಬೆಲೆ. ಅದೇ ವಿದ್ಯಾರ್ಥಿ ಮುಂದೆ ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆಗೆ ಕೂತರೆ ಕನ್ನಡದ ಅರ್ಹತಾ ಪತ್ರಿಕೆ ಎದುರಾಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಭಾರತೀಯ ಭಾಷೆಯೊಂದರ 300 ಅಂಕಗಳ ಅರ್ಹತಾ ಪತ್ರಿಕೆಯ ಜೊತೆಗೆ ಕನ್ನಡ ಸಾಹಿತ್ಯವನ್ನು 500 ಅಂಕಗಳ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಅವಕಾಶವಿದೆ. ಫ್ರೆಂಚ್ ಸಾಹಿತ್ಯಕ್ಕೂ ಅಲ್ಲಿ ಹಿಂದೆ ಸ್ಥಾನವಿತ್ತು; 2013ರಲ್ಲಿ ಇತರ ವಿದೇಶಿ ಭಾಷೆಗಳೊಡನೆ ಅದನ್ನು ಕೈಬಿಡಲಾಯಿತು. ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳಲ್ಲಿ ಒಂದನ್ನು ಸೇವೆಗೆ ಸೇರಿದ ಮೇಲೆ ಸರ್ಕಾರವೇ ಕಲಿಸುತ್ತದೆ.

ಅಂಕಕ್ಕಾಗಿ ಭಾಷೆಯನ್ನು ಆರಿಸುವ ಈ ರೂಢಿ ಇಂದು ನಿನ್ನೆಯದಲ್ಲ. ಪ್ರೌಢಶಾಲೆಯಲ್ಲಿ ಕನ್ನಡವನ್ನು ಓದದೆಯೇ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಮುಗಿಸಬಹುದಾಗಿದ್ದ ವ್ಯವಸ್ಥೆಯ ಬಗೆಗಿನ ತಕರಾರೇ 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ನೇಮಕಕ್ಕೆ ಕಾರಣವಾಯಿತು. 1981ರಲ್ಲಿ ಸಲ್ಲಿಕೆಯಾದ ಅದರ ವರದಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಶಿಫಾರಸು ಮಾಡಿತು. ಅದರ ಜಾರಿಗಾಗಿ ಡಾ. ರಾಜಕುಮಾರ್ ಅವರ ನೇತೃತ್ವದಲ್ಲಿ 1982ರಲ್ಲಿ ನಡೆದ ಚಳವಳಿ ರಾಜ್ಯದ ಊರೂರನ್ನೂ ಮುಟ್ಟಿತು. ಪದವಿಯ ಹಂತದಲ್ಲಿ ಇದೇ ವಾದ ಮತ್ತೆ ತಲೆಯೆತ್ತಿದ್ದು 2021ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಪದವಿಯ ಎಲ್ಲ ವಿದ್ಯಾರ್ಥಿಗಳೂ ಕನ್ನಡವನ್ನು ಓದಬೇಕೆಂದು ಸರ್ಕಾರ ಆದೇಶಿಸಿದಾಗ. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಸಂಸ್ಕೃತದ ಸಂಸ್ಥೆಯೂ ಇತ್ತು. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಮಧ್ಯಂತರ ಆದೇಶದ ಮೂಲಕ ಕಡ್ಡಾಯವನ್ನು ತಡೆಯಿತು. 2024–25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಪಠ್ಯಕ್ರಮ ಮತ್ತೊಮ್ಮೆ ಬದಲಾಗಿದೆ. ನೀತಿ ಬದಲಾದಾಗಲೆಲ್ಲ ಬದಲಾಗದೆ ಉಳಿದಿರುವುದು ವಿದ್ಯಾರ್ಥಿಯ ಲೆಕ್ಕಾಚಾರ ಮಾತ್ರ.

ಊರು ಬಿಟ್ಟು ಹೋಗಿ ಓದುವುದಾಗಲಿ, ಹಲವು ವ್ಯಾಕರಣಗಳನ್ನು ಒಟ್ಟಿಗೆ ಕಲಿಯುವುದಾಗಲಿ ಈ ಸೀಮೆಗೆ ಹೊಸದಲ್ಲ. ಶಿರಾಳಕೊಪ್ಪಕ್ಕೆ ಸಮೀಪದ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ವ್ಯಾಸಂಗಕ್ಕೆಂದು ಹೋದುದನ್ನು ದಾಖಲಿಸುತ್ತದೆ. ವ್ಯಾಸಂಗ ಜಗಳದಲ್ಲಿ ಕೊನೆಗೊಂಡು ಕದಂಬ ರಾಜ್ಯದ ಸ್ಥಾಪನೆಯಾದದ್ದು ಬೇರೆಯ ಕಥೆ. ಪಕ್ಕದ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನವೇ ಮೊದಲಾದ ವ್ಯಾಕರಣಗಳ ಪಾಠ ನಡೆಯುತ್ತಿದ್ದುದನ್ನು ವೇದ, ದರ್ಶನಗಳ ಅಧ್ಯಯನದ ಜೊತೆಗೆ ಹೇಳುತ್ತದೆ. ಅದೇ ಮಠದಲ್ಲಿ ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು ಎಂಬುದರಿಂದ, ವಿದ್ಯೆಯನ್ನು ಊರಿನ ಉಳಿದ ಬದುಕಿನಿಂದ ಬೇರ್ಪಡಿಸಿ ಇಟ್ಟಿರಲಿಲ್ಲ ಎಂದು ತಿಳಿಯುತ್ತದೆ. ಭಾಷೆಯ ಅಧ್ಯಯನಕ್ಕೆ ಅಲ್ಲಿದ್ದದ್ದು ಗುರುವೂ ಕಾಲಾವಕಾಶವೂ. ಇಂದಿನ ಪ್ರಶ್ನೆಯಲ್ಲಿಯೂ ಈ ಎರಡೇ ನಿರ್ಣಾಯಕ.

ಈಗ ಫ್ರೆಂಚ್ ಮತ್ತು ಸ್ಪ್ಯಾನಿಷ್‌ಗಳನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಲ್ಯಾಟಿನ್‌ನಿಂದ ಹುಟ್ಟಿದ ಸೋದರ ಭಾಷೆಗಳು. ಇಂಗ್ಲಿಷ್ ಬಲ್ಲವನಿಗೆ ಎರಡೂ ಹೆಚ್ಚುಕಡಿಮೆ ಸಮಾನ ಶ್ರಮದವು ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಈ ತೂಕ ಇಂಗ್ಲಿಷಿನ ಕಡೆಯಿಂದ ಹಾಕಿದ್ದು. ಕನ್ನಡದ ಕಡೆಯಿಂದ ತೂಗಿದರೆ ತಕ್ಕಡಿ ಸ್ಪ್ಯಾನಿಷ್‌ನ ಕಡೆಗೆ ಚೆನ್ನಾಗಿಯೇ ವಾಲುತ್ತದೆ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ, ಬರೆದದ್ದನ್ನು ಬರೆದಂತೆಯೇ ಓದಬಹುದು, ಅದರ ತಕಾರ ದಕಾರಗಳು ಹಲ್ಲಿಗೆ ನಾಲಗೆ ತಾಗಿಸಿ ನುಡಿಯುವ ಕನ್ನಡದ ತ, ದಗಳಂತೆಯೇ ಇವೆ. ಫ್ರೆಂಚ್‌ನಲ್ಲಿ ‘ನೀರು’ ಎಂಬರ್ಥದ ಪದವನ್ನು ಮೂರು ಸ್ವರಾಕ್ಷರಗಳಲ್ಲಿ ಬರೆದು ‘ಓ’ ಎಂಬ ಒಂದೇ ಸ್ವರವಾಗಿ ನುಡಿಯುತ್ತಾರೆ. ಪದದ ಕೊನೆಯ ವ್ಯಂಜನಗಳು ಬಹುಪಾಲು ಮೌನ. ಮೂಗಿನಿಂದ ಹೊರಡುವ ಸ್ವರಗಳು ಬೇರೆ. ಅಂಕಿಗಳ ವಿಷಯ ಇನ್ನೂ ವಿಚಿತ್ರ: ತೊಂಬತ್ತೇಳು ಎನ್ನಲು ಫ್ರಾನ್ಸಿನವರು ‘ಕಾತ್ರ್ ವ್ಯಾಂ ದಿಸೆತ್’, ಅಂದರೆ ನಾಲ್ಕು ಇಪ್ಪತ್ತುಗಳು ಮತ್ತು ಹದಿನೇಳು ಎನ್ನುತ್ತಾರೆ.

ವಾಕ್ಯರಚನೆಯಲ್ಲಿ ಹೋಲಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಹೋಗುವವರು ಯಾರೆಂದು ಕ್ರಿಯಾಪದದ ಕೊನೆಯೇ ಹೇಳುವುದರಿಂದ ‘ನಾನು’ ಎಂಬುದು ಬೇಕಿಲ್ಲ; ಸ್ಪ್ಯಾನಿಷ್‌ನ ‘ವೊಯ್’ ಕೂಡ ಹಾಗೆಯೇ ಸರ್ವನಾಮವಿಲ್ಲದೆ ನಿಲ್ಲುತ್ತದೆ. ಫ್ರೆಂಚ್‌ನಲ್ಲಿ ಇಂಗ್ಲಿಷಿನಂತೆ ಸರ್ವನಾಮ ಕಡ್ಡಾಯ. ‘ನನಗೆ ಕಾಫಿ ಇಷ್ಟ’ ಎನ್ನುವಾಗ ಕನ್ನಡವು ಇಷ್ಟಪಡುವವನನ್ನು ಚತುರ್ಥೀ ವಿಭಕ್ತಿಯಲ್ಲಿ, ‘ಗೆ’ ಪ್ರತ್ಯಯದೊಡನೆ ಇಡುತ್ತದೆ. ಸ್ಪ್ಯಾನಿಷ್‌ನ ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯವೂ ‘ನನಗೆ’ ಎಂದೇ ಆರಂಭವಾಗುತ್ತದೆ. ಇಂಗ್ಲಿಷಿನಿಂದ ಸ್ಪ್ಯಾನಿಷ್ ಕಲಿಯುವವರು ತಿಂಗಳುಗಟ್ಟಲೆ ಎಡವುವ ಈ ರಚನೆಯನ್ನು ಕನ್ನಡದ ವಿದ್ಯಾರ್ಥಿಯು ತನ್ನದೇ ಮಾತಿನಂತೆ ಒಪ್ಪಿಕೊಳ್ಳಬಹುದು. ಸ್ಪ್ಯಾನಿಷ್‌ನಲ್ಲಿ ‘ಇರು’ ಎಂಬರ್ಥಕ್ಕೆ ‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿರುವುದು ಪಠ್ಯಪುಸ್ತಕಗಳ ಪ್ರಕಾರ ದೊಡ್ಡ ತೊಡಕು. ಆದರೆ ‘ಅವಳು ವೈದ್ಯೆ’ ಎನ್ನುವಾಗ ಕ್ರಿಯಾಪದವೇ ಬೇಡದ, ‘ಅವಳು ಶಿಕಾರಿಪುರದಲ್ಲಿ ಇದ್ದಾಳೆ’ ಎನ್ನುವಾಗ ಮಾತ್ರ ಅದು ಬೇಕಾಗುವ ಕನ್ನಡದಲ್ಲಿ ಈ ಭೇದದ ಒಂದು ಮುಖ್ಯ ಭಾಗ ಆಗಲೇ ಇದೆ. ಮೊದಲನೆಯ ಬಗೆಯ ವಾಕ್ಯಕ್ಕೆ ಸೆರ್, ಎರಡನೆಯದಕ್ಕೆ ಎಸ್ತಾರ್. ಸ್ಥಿತಿಯನ್ನು ಹೇಳುವ ಎಲ್ಲ ಕಡೆಯೂ ಈ ಸೂತ್ರ ಹೊಂದದಿದ್ದರೂ ಆರಂಭಕ್ಕೆ ಇಷ್ಟು ಸಾಕು.

ಕನ್ನಡಿಗನಿಗೆ ಎರಡರಲ್ಲಿಯೂ ಕಷ್ಟವಾಗುವುದು ಲಿಂಗ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದರಿಂದ ಮೇಜು, ಕುರ್ಚಿಗಳೆಲ್ಲ ನಪುಂಸಕ. ಫ್ರೆಂಚ್, ಸ್ಪ್ಯಾನಿಷ್‌ಗಳಲ್ಲಿ ಮೇಜು ಸ್ತ್ರೀಲಿಂಗ. ಹಿಂದಿಯನ್ನು ತೃತೀಯ ಭಾಷೆಯಾಗಿ ಓದಿದವರಿಗೂ, ಮನೆಯಲ್ಲಿ ಉರ್ದು ಆಡುವವರಿಗೂ ಈ ಏರ್ಪಾಡು ಪರಿಚಿತ. ಉರ್ದುವಿನ ಮಕ್ಕಳಿಗೆ ಇನ್ನೂ ಕೆಲವು ಅನುಕೂಲಗಳಿವೆ, ಮತ್ತು ಅವು ಫ್ರೆಂಚ್‌ನ ಕಡೆಗೂ ಹಂಚಿಹೋಗಿವೆ. ಅನುನಾಸಿಕ ಸ್ವರಗಳು ಉರ್ದುವಿನಲ್ಲಿ ನಿತ್ಯದ ಬಳಕೆಯವು; ‘ಗೈನ್’ ಎಂಬ ಅಕ್ಷರದ ಗಂಟಲಿನ ಧ್ವನಿ ಫ್ರೆಂಚ್‌ನ ರಕಾರಕ್ಕೆ ಬಹಳ ಹತ್ತಿರ; ‘ಖೆ’ ಅಕ್ಷರದ ಧ್ವನಿ ಸ್ಪೇನಿನವರು ಜಕಾರದ ಅಕ್ಷರಕ್ಕೆ ಕೊಡುವ ಉಚ್ಚಾರಣೆಯೇ. ಸ್ಪೇನಿನಲ್ಲಿ 711ರಿಂದ 1492ರವರೆಗೆ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಳ್ವಿಕೆ ಇದ್ದುದರಿಂದ ಅದರ ಪದಕೋಶದಲ್ಲಿ ಅರಬ್ಬಿ ಮೂಲದ ಮಾತುಗಳೂ ಹೇರಳ. ಶಿರಾಳಕೊಪ್ಪದ ಉರ್ದು ಶಾಲೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಈ ಎರಡು ಭಾಷೆಗಳ ತರಗತಿಗೆ ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದವನಿಗಿಂತ ಹೆಚ್ಚು ಸಜ್ಜಾಗಿ ಬರುತ್ತಾನೆ ಎಂದು ಯಾರೂ ಅವನಿಗೆ ಹೇಳಿರುವುದಿಲ್ಲ.

ಕಲಿಯಲು ಹತ್ತಿರವಾದದ್ದು ಸ್ಪ್ಯಾನಿಷ್ ಆದರೂ ಕಲಿಸುವ ವ್ಯವಸ್ಥೆ ಇರುವುದು ಫ್ರೆಂಚ್‌ಗೆ. ಬೆಂಗಳೂರಿನಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ 1960ರ ದಶಕದ ಆರಂಭದಿಂದಲೂ ನಡೆದುಕೊಂಡು ಬಂದಿದೆ. ಸ್ಪೇನ್ ಸರ್ಕಾರದ ಸರ್ವಾಂತೆಸ್ ಸಂಸ್ಥೆಯ ಕೇಂದ್ರ ಇರುವುದು ದೆಹಲಿಯಲ್ಲಿ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಎರಡನ್ನೂ ಪದವಿಯ ಮಟ್ಟದಲ್ಲಿ ಕಲಿಸುತ್ತದೆ; ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಎರಡರಲ್ಲಿಯೂ ಸರ್ಟಿಫಿಕೇಟ್ ಕೋರ್ಸುಗಳನ್ನು ರೂಪಿಸಿದೆ. ತಾಲ್ಲೂಕು ಮಟ್ಟದ ಸರ್ಕಾರಿ ಕಾಲೇಜುಗಳ ಮಾತು ಬೇರೆ. ಪಟ್ಟಿಯಲ್ಲಿ ಭಾಷೆಯ ಹೆಸರಿದ್ದರೆ ಸಾಲದು, ಅದಕ್ಕೊಂದು ಹುದ್ದೆ ಮಂಜೂರಾಗಿರಬೇಕು, ಆ ಹುದ್ದೆಯಲ್ಲಿ ಉಪನ್ಯಾಸಕರು ಇರಬೇಕು. ಫ್ರೆಂಚ್ ಹಾಗಿರಲಿ, ಉರ್ದುವಿಗೂ ಸಂಸ್ಕೃತಕ್ಕೂ ಈ ಮೂರು ಷರತ್ತುಗಳು ಒಟ್ಟಿಗೆ ಕೂಡಿಬರುವುದು ಎಲ್ಲ ಕಾಲೇಜುಗಳಲ್ಲಿ ಸಾಧ್ಯವಾಗಿಲ್ಲ. ಸೊರಬ ಕ್ಷೇತ್ರದ ಶಾಸಕರೇ 2023ರಿಂದ ರಾಜ್ಯದ ಶಾಲಾ ಶಿಕ್ಷಣ ಸಚಿವರಾಗಿದ್ದು ಪದವಿಪೂರ್ವ ಶಿಕ್ಷಣವೂ ಅದೇ ಇಲಾಖೆಗೆ ಸೇರಿರುವುದರಿಂದ, ಭಾಷಾ ಉಪನ್ಯಾಸಕರ ಪ್ರಶ್ನೆಯನ್ನು ಈ ಭಾಗದ ಪಾಲಕರು ಎತ್ತಲು ದೂರ ಹೋಗಬೇಕಾಗಿಲ್ಲ.

ಉಪಯೋಗದ ವಿಚಾರಕ್ಕೆ ಬಂದರೆ, ಸ್ಪ್ಯಾನಿಷ್ 20 ಸ್ವತಂತ್ರ ದೇಶಗಳ ಅಧಿಕೃತ ಭಾಷೆ. ಅದನ್ನು ಮನೆಮಾತಾಗಿ ಆಡುವವರು ಐವತ್ತು ಕೋಟಿಗೆ ಸಮೀಪ. ಫ್ರೆಂಚ್‌ಗೆ ಮನೆಮಾತಿನವರು ಅದಕ್ಕಿಂತ ಬಹಳ ಕಡಿಮೆ, ಆದರೆ ಆಫ್ರಿಕದ ಹಲವು ದೇಶಗಳ ಆಡಳಿತ ಅದರಲ್ಲಿಯೇ ನಡೆಯುತ್ತದೆ, ಜೊತೆಗೆ ಕೆನಡಾ ಇದೆ. ಕೆನಡಾದ ವಲಸೆ ನಿಯಮಗಳಲ್ಲಿ ಫ್ರೆಂಚ್ ಪ್ರಾವೀಣ್ಯಕ್ಕೆ ಹೆಚ್ಚುವರಿ ಅಂಕಗಳಿವೆ. 2023ರಿಂದ ಫ್ರೆಂಚ್ ಬಲ್ಲವರಿಗಾಗಿಯೇ ಪ್ರತ್ಯೇಕ ಆಯ್ಕೆಯ ಸುತ್ತುಗಳೂ ನಡೆಯುತ್ತಿವೆ. ಅಮೆರಿಕದಲ್ಲಿ ಇಂಗ್ಲಿಷಿನ ನಂತರ ಹೆಚ್ಚು ಕೇಳಿಬರುವ ಭಾಷೆ ಸ್ಪ್ಯಾನಿಷ್ ಆದರೂ ಅಲ್ಲಿನ ವೀಸಾಕ್ಕೆ ಅದು ಏನನ್ನೂ ಕೂಡಿಸುವುದಿಲ್ಲ. ಬೆಂಗಳೂರಿನ ಉದ್ಯೋಗಗಳಲ್ಲಿ ಎರಡಕ್ಕೂ ಬೆಲೆಯಿದೆ, ಆದರೆ ಯಾವ ಮಟ್ಟದ ಕಲಿಕೆಗೆ ಎಂಬುದು ಮುಖ್ಯ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಮಾನದಂಡವು ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಮಟ್ಟಗಳಾಗಿ ವಿಂಗಡಿಸುತ್ತದೆ; ಎ1 ಎಂದರೆ ಹೆಸರು, ಊರು ಹೇಳಿಕೊಳ್ಳುವಷ್ಟು, ಬಿ2 ಎಂದರೆ ಕಚೇರಿಯ ಸಭೆಯಲ್ಲಿ ವಾದಿಸುವಷ್ಟು. ಫ್ರೆಂಚ್‌ನ ಡೆಲ್ಫ್, ಸ್ಪ್ಯಾನಿಷ್‌ನ ಡೆಲೆ ಎಂಬ ಪರೀಕ್ಷೆಗಳು ಈ ಮಟ್ಟಗಳನ್ನೇ ಅನುಸರಿಸುತ್ತವೆ, ಅವುಗಳ ಪ್ರಮಾಣಪತ್ರಗಳಿಗೆ ಅವಧಿಯ ಮಿತಿಯಿಲ್ಲ. ಬಿ2 ತಲುಪಲು 500ರಿಂದ 600 ಗಂಟೆಗಳ ಪಾಠ ಬೇಕೆಂಬುದು ಸಾಮಾನ್ಯ ಅಂದಾಜು. ವಾರಕ್ಕೆ ನಾಲ್ಕು ತರಗತಿಯಂತೆ ಪಿಯುಸಿಯ ಎರಡು ವರ್ಷ ಎಷ್ಟೇ ಶ್ರದ್ಧೆಯಿಂದ ನಡೆದರೂ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡು ತೊಂಬತ್ತೈದು ಅಂಕ ಪಡೆದು ಅಲ್ಲಿಗೇ ನಿಲ್ಲಿಸಿದವನಿಗೆ ಉಳಿಯುವುದು ಆ ತೊಂಬತ್ತೈದೇ.

ಭಾಷೆಯನ್ನು ಉದ್ಯೋಗದ ಅಳತೆಯಲ್ಲಷ್ಟೇ ನೋಡಿದರೆ ಕನ್ನಡಕ್ಕೆ ಆಗಬೇಕಾದ ಒಂದು ಕೆಲಸ ಕಣ್ತಪ್ಪುತ್ತದೆ. ಮೊಲಿಯೇರನ ‘ತಾರ್ತ್ಯೂಫ್’ ಎ.ಎನ್. ಮೂರ್ತಿರಾಯರ ಕೈಯಲ್ಲಿ ‘ಆಷಾಢಭೂತಿ’ಯಾಯಿತು, ಇದೇ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶರು ಬೋದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದರು. ಮಾರ್ಕ್ವೆಜ್, ನೆರೂದ, ಲೋರ್ಕಾ ಕನ್ನಡದ ಓದುಗರಿಗೆ ಹೊಸಬರಲ್ಲ. ಇವರಲ್ಲಿ ಬಹುತೇಕರು ಕನ್ನಡಕ್ಕೆ ಬಂದದ್ದು ಇಂಗ್ಲಿಷಿನ ಬಾಗಿಲಿನಿಂದ. ಮೇಲೆ ತೋರಿಸಿದಂತೆ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರವಾದ ರಚನೆಗಳಿರುವ ಸ್ಪ್ಯಾನಿಷ್ ಕೂಡ ಇಂಗ್ಲಿಷಿನ ಮೂಲಕವೇ ಬರಬೇಕಾಗಿರುವುದು ಅನುವಾದಕರ ಕೊರತೆಯಿಂದ. ಆ ಅನುವಾದಕ ಸಿದ್ಧನಾಗಬೇಕಾದರೆ ಅವನಿಗೆ ಸ್ಪ್ಯಾನಿಷ್ ಬರಬೇಕು ಎನ್ನುವುದು ಸ್ಪಷ್ಟ. ಕನ್ನಡ ಇನ್ನೂ ಚೆನ್ನಾಗಿ ಬರಬೇಕು ಎನ್ನುವುದು ಅಷ್ಟು ಸ್ಪಷ್ಟವಾಗಿ ಯಾರಿಗೂ ಹೊಳೆಯುವುದಿಲ್ಲ. ಹತ್ತನೆಯ ತರಗತಿಗೆ ನಿಂತ ಕನ್ನಡ ಆ ಕೆಲಸಕ್ಕೆ ಸಾಲದು.

ಆದ್ದರಿಂದ ಶಿರಾಳಕೊಪ್ಪದಿಂದ ಪಿಯುಸಿಗೆ ಸೇರುವ ವಿದ್ಯಾರ್ಥಿ, ಬೆಂಗಳೂರಿಗೇ ಹೋದರೂ, ಇಂಗ್ಲಿಷಿನ ಜೊತೆಗೆ ಕನ್ನಡವನ್ನು, ಮನೆಮಾತು ಉರ್ದುವಾಗಿದ್ದು ಕಲಿಸುವವರು ಇದ್ದರೆ ಉರ್ದುವನ್ನು ಇಟ್ಟುಕೊಳ್ಳುವುದು ಮೇಲು. ವಿದೇಶಿ ಭಾಷೆಯನ್ನು ಪದವಿಗೆ ಸೇರಿದ ಮೇಲೆ ಕಾಲೇಜಿನ ಅಂಕಪಟ್ಟಿಯ ಹೊರಗೆ, ಕನಿಷ್ಠ ಮೂರು ವರ್ಷ ಬಿಡದೆ ಕಲಿಯುವ ನಿರ್ಧಾರವಿದ್ದರೆ ಮಾತ್ರ ಆರಂಭಿಸಬೇಕು. ಕೆನಡಾ ಅಥವಾ ಆಫ್ರಿಕದ ಗುರಿಯಿದ್ದವರು ಫ್ರೆಂಚ್ ಆರಿಸಿಕೊಳ್ಳಲಿ. ಅಂಥ ನಿರ್ದಿಷ್ಟ ಗುರಿಯಿಲ್ಲದ ಕನ್ನಡದ ವಿದ್ಯಾರ್ಥಿಗೆ, ಪದವಿಪೂರ್ವ ಮಂಡಳಿಯ ಪಟ್ಟಿ ಏನೇ ಹೇಳಲಿ, ತಕ್ಕ ಭಾಷೆ ಸ್ಪ್ಯಾನಿಷ್.